ಮಾಂಟ್‌ಗೊಮೆರಿ ವಾರ್ಡ್

ಆರನ್ ಮಾಂಟ್‌ಗೊಮೆರಿ ವಾರ್ಡ್ (ನಿಧನ: ಡಿಸೆಂಬರ್ 7, 1913) ಅಮೆರಿಕ ಸಂಯುಕ್ತ ಸಂಸ್ಥಾನದ ಉದ್ಯಮಿ. ಸಾಮಾನ್ಯ ಬಳಕೆಯ ಸರಕುಗಳನ್ನು ಅಂಚೆ ಮೂಲಕ ಬೇಡಿಕೆ ಪಡೆದು ಮಾರುವ ವ್ಯಾಪಾರ ಪದ್ಧತಿಯ ಪ್ರವರ್ತಕರಲ್ಲಿ ಪ್ರಮುಖರು.

ಆರಂಭಿಕ ಜೀವನ

ವಾರ್ಡ್ ನ್ಯೂಜೆರ್ಸಿ ರಾಜ್ಯದ ಚ್ಯಾಥಮ್‌ನಲ್ಲಿ ಜನಿಸಿ, ಮಿಷಿಗನ್‌ನ ನೈಲ್ಸ್ ಪಟ್ಟಣದಲ್ಲಿ ಬೆಳೆದರು. ಸಂಚಾರಿ ಮಾರಾಟಗಾರರಾಗಿ ಹಳ್ಳಿಗಳಲ್ಲಿ ತಿರುಗುವಾಗ, ಸರಕು ಹಲವು ಮಧ್ಯವರ್ತಿಗಳ ಕೈದಾಟಿ ಬರುವುದರಿಂದ ರೈತರು ದುಬಾರಿ ಬೆಲೆ ತೆರುತ್ತಿದ್ದುದನ್ನು ಗಮನಿಸಿದರು.

ಅಂಚೆ ವ್ಯಾಪಾರ

ಅವರು ಸಂಗ್ರಹಿಸಿದ್ದ ಮೊದಲ ದಾಸ್ತಾನು 1871ರ ಅಕ್ಟೋಬರ್‌ನ ಚಿಕಾಗೊ ಮಹಾ ಅಗ್ನಿದುರಂತದಲ್ಲಿ ನಾಶವಾಯಿತು. 1872ರಲ್ಲಿ ಅಲ್ಪ ಬಂಡವಾಳದೊಂದಿಗೆ ಪುನಃ ಆರಂಭಿಸಿ, 163 ವಸ್ತುಗಳ ಒಂದೇ ಹಾಳೆಯ ಬೆಲೆಪಟ್ಟಿಯನ್ನು ಹೊರತಂದರು. ನಗದಿಗೆ ಸಗಟಾಗಿ ಕೊಂಡು ನಗದಿಗೇ ಮಾರುತ್ತಿದ್ದುದರಿಂದ ಸಾಲ ವಸೂಲಿಯ ನಷ್ಟವಿರಲಿಲ್ಲ. ಅಲಂಕೃತ ಅಂಗಡಿ ಹಾಗೂ ಮಾರಾಟಗಾರರ ಸಂಬಳದ ಹೊರೆಯೂ ಇರಲಿಲ್ಲ. ಗ್ರೇಂಜ್ ಎಂಬ ರೈತ ಸಂಘಟನೆಯ ಸದಸ್ಯರು ಬೇಡಿಕೆಗಳನ್ನು ಒಟ್ಟುಗೂಡಿಸಿ ಕಳುಹಿಸಿದಾಗ ಸಾಗಣೆ ವೆಚ್ಚವೂ ತಗ್ಗುತ್ತಿತ್ತು.

ಆದರೆ ಕಡಿಮೆ ಬೆಲೆ ಮತ್ತು ಕಣ್ಣಿಗೆ ಕಾಣುವ ಅಂಗಡಿಯ ಅಭಾವವು ಸಂಶಯಕ್ಕೂ ಕಾರಣವಾಯಿತು. 1873ರಲ್ಲಿ ಚಿಕಾಗೊ ಟ್ರಿಬ್ಯೂನ್ ಪತ್ರಿಕೆಯು ಈ ಸಂಸ್ಥೆಯನ್ನು ವಂಚಕರ ಕೂಟವೆಂದು ಬರೆದು, ಅದೇ ವರ್ಷ ಹೇಳಿಕೆಯನ್ನು ಹಿಂತೆಗೆದುಕೊಂಡಿತು. 1875ರಲ್ಲಿ ವಾರ್ಡ್, ಸರಕು ತೃಪ್ತಿ ನೀಡದಿದ್ದರೆ ಹಣ ಮರಳಿಸುವ ಭರವಸೆಯನ್ನು ಘೋಷಿಸಿದರು. ಸರಕನ್ನು ನೋಡದೆಯೇ ಹಣ ಕಳುಹಿಸಬೇಕಿದ್ದ ಗ್ರಾಹಕರಿಗೆ ಈ ಭರವಸೆಯೇ ಆಧಾರವಾಯಿತು. 1883ರ ಹೊತ್ತಿಗೆ ಬೆಲೆಪಟ್ಟಿಯು 240 ಪುಟಗಳಿಗೂ ಸುಮಾರು 10,000 ವಸ್ತುಗಳಿಗೂ ವಿಸ್ತರಿಸಿತ್ತು.

ನಂತರದ ಜೀವನ

ಚಿಕಾಗೊದ ಸರೋವರ ತೀರದಲ್ಲಿರುವ ಗ್ರ್ಯಾಂಟ್ ಉದ್ಯಾನವನ್ನು ಕಟ್ಟಡಗಳಿಂದ ಮುಕ್ತವಾಗಿಡಲು ವಾರ್ಡ್ 1890ರಿಂದ ಸುಮಾರು ಎರಡು ದಶಕಗಳ ಕಾಲ ನ್ಯಾಯಾಲಯದಲ್ಲಿ ಹೋರಾಡಿದರು.