ಪಂಡಿತಾ ರಮಾಬಾಯಿ: ಸಾಕ್ಷಿ ನುಡಿದ ಬದುಕು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಕ್ರೈಸ್ತ ಪ್ರಾರ್ಥನಾ ಕೂಟಗಳಲ್ಲಿ ‘ಸಾಕ್ಷಿ ಹೇಳುವುದು’ ಎಂಬ ರೂಢಿಯಿದೆ. ಹಾಡು, ಪ್ರಾರ್ಥನೆ, ಪ್ರಸಂಗಗಳ ನಡುವೆ ಒಬ್ಬರು ಎದ್ದು ನಿಂತು, ತಮ್ಮ ಬದುಕಿನಲ್ಲಿ ದೇವರು ನಡೆಸಿದ್ದನ್ನು ಸಭೆಯ ಮುಂದೆ ನಿವೇದಿಸಿಕೊಳ್ಳುತ್ತಾರೆ. ಹಿಂದೆ ಹೇಗಿದ್ದೆ, ಏನಾಯಿತು, ಈಗ ಹೇಗಿದ್ದೇನೆ ಎಂಬ ಮೂರು ಘಟ್ಟಗಳು ಬಹುತೇಕ ಎಲ್ಲ ಸಾಕ್ಷಿಗಳಲ್ಲೂ ಇರುತ್ತವೆ. ಸಂಶೋಧನೆಯ ನಿಮಿತ್ತ ಇಂತಹ ಕೂಟಗಳಲ್ಲಿ ಕುಳಿತು ಕೇಳಿದಾಗ ನನ್ನ ಗಮನ ಸೆಳೆದದ್ದು ಮೊದಲ ಘಟ್ಟ. ಅಲ್ಲಿ ದೈವಶಾಸ್ತ್ರಕ್ಕಿಂತ ಹೆಚ್ಚಾಗಿ ಕಾಯಿಲೆ, ಸಾಲ, ಮಳೆ ಬಾರದ ವರ್ಷ, ಊರು ಬಿಟ್ಟ ದಿನಗಳು ತುಂಬಿರುತ್ತವೆ. ಹೇಳುವವರಲ್ಲಿ ಹೆಂಗಸರೇ ಹೆಚ್ಚು. ಕನ್ನಡ ಸಾಹಿತ್ಯ ಚರಿತ್ರೆ ಈ ಮಾತುಗಳನ್ನು ಆತ್ಮಕಥನದ ಒಂದು ಪ್ರಭೇದವೆಂದು ಪರಿಗಣಿಸಿದ್ದು ವಿರಳ. ಮತಪ್ರಚಾರದ ಪರಿಕರವೆಂದು ಬದಿಗಿಟ್ಟದ್ದೇ ಹೆಚ್ಚು. ಈ ಪ್ರಭೇದವನ್ನು ಅರಿಯಲು ಕರ್ನಾಟಕದ ಮಲೆನಾಡಿನಲ್ಲಿ ಹುಟ್ಟಿ, ಮುಂದೆ ಇಂಗ್ಲಿಷಿನಲ್ಲಿ ತಮ್ಮ ಸಾಕ್ಷಿಯನ್ನು ಬರೆದು ಪ್ರಕಟಿಸಿದ ಪಂಡಿತಾ ರಮಾಬಾಯಿಯವರ ಜೀವನವನ್ನು ಮತ್ತೊಮ್ಮೆ ಓದುವುದು ಉಪಯುಕ್ತ.

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ತುಂಗಾ ಭದ್ರಾ ನದಿಗಳ ಉಗಮಸ್ಥಾನವಾದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದ ಕಡೆಯವರು, ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ಓದುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆಯ ಮನೆಯ ಸ್ತ್ರೀಗೆ ಸಂಸ್ಕೃತ ಕಲಿಸುತ್ತಿದ್ದುದನ್ನು ಕಂಡ ಅವರು, ಮುಂದೆ ತಮ್ಮ ಹೆಂಡತಿಗೂ ಕಲಿಸಲು ಹೊರಟರು. ಮನೆಯಲ್ಲಿ ವಿರೋಧ ಬಂತು. ಎರಡನೆಯ ಹೆಂಡತಿ ಲಕ್ಷ್ಮೀಬಾಯಿಗೆ ಪಾಠ ಹೇಳತೊಡಗಿದಾಗ ಆಕ್ಷೇಪ ಉಡುಪಿಯವರೆಗೆ ಹೋಯಿತು. ಅಲ್ಲಿನ ವಿದ್ವಾಂಸರ ಸಭೆಯ ಮುಂದೆ ನಿಂತು, ಸ್ತ್ರೀಯರಿಗೆ ಸಂಸ್ಕೃತ ಕಲಿಸುವುದು ಶಾಸ್ತ್ರವಿರುದ್ಧವಲ್ಲವೆಂದು ಗ್ರಂಥಾಧಾರಗಳಿಂದ ಅವರು ಸಮರ್ಥಿಸಿಕೊಳ್ಳಬೇಕಾಯಿತು. ತನ್ನ ನಡೆಗೆ ತಾನೇ ಸಭೆಯಲ್ಲಿ ನಿಂತು ಉತ್ತರ ಹೇಳುವ ಈ ಪಾಠ ಮಗಳಿಗೆ ಹುಟ್ಟುವ ಮೊದಲೇ ಸಿದ್ಧವಾಗಿತ್ತೆನ್ನಬಹುದು.

ಗಂಗಾಮೂಲದ ಆಶ್ರಮ ಹೆಚ್ಚು ಕಾಲ ಉಳಿಯಲಿಲ್ಲ. ಅತಿಥಿಗಳೂ ಶಿಷ್ಯರೂ ಹೆಚ್ಚಿ ಸಾಲ ಬೆಳೆಯಿತು. ರಮಾ ಇನ್ನೂ ಆರು ತಿಂಗಳ ಕೂಸಾಗಿರುವಾಗಲೇ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿ ಹೊತ್ತು ಒಯ್ದರು. ಆಮೇಲಿನ ಜೀವನವೆಲ್ಲ ದೇವಸ್ಥಾನಗಳ ಮಂಟಪಗಳಲ್ಲಿ, ನದೀತೀರಗಳಲ್ಲಿ ಕುಳಿತು ಪುರಾಣ ಓದುವುದು, ಬಂದ ದಕ್ಷಿಣೆಯಿಂದ ಬದುಕುವುದು. ತಾಯಿಯಿಂದ ಸಂಸ್ಕೃತ ಕಲಿತ ಹುಡುಗಿಗೆ ಹನ್ನೆರಡರ ವಯಸ್ಸಿಗಾಗಲೇ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಬಾಯಿಗೆ ಬಂದಿದ್ದವು. ಆ ಪುರಾಣಪಠಣದಲ್ಲಿ ಅರ್ಥವಿವರಣೆಗಿಂತ ರಾಗವಾಗಿ ಏರುದನಿಯಲ್ಲಿ ಓದುವುದೇ ಮುಖ್ಯ. ಕೇಳುವವರಿಗೆ ಪುಣ್ಯ, ಓದುವವರಿಗೆ ಅನ್ನ. ರಮಾಬಾಯಿಯವರ ವಾಗ್ಮಿತೆಯ ಮೂಲವನ್ನು ಪಾಶ್ಚಾತ್ಯ ಶಿಕ್ಷಣದಲ್ಲಿ ಹುಡುಕುವ ವಿಮರ್ಶಕರು ಈ ಮಂಟಪಗಳನ್ನು ಮರೆಯುತ್ತಾರೆ.

1874ರ ಹೊತ್ತಿಗೆ ಮದ್ರಾಸ್ ಪ್ರಾಂತ್ಯದಲ್ಲಿ ಕ್ಷಾಮ ಅವರನ್ನು ಹಿಡಿಯಿತು. ಇದ್ದ ಪಾತ್ರೆ ಪದಾರ್ಥಗಳನ್ನೆಲ್ಲ ಮಾರಿದರು. ದೇವರು ನಡೆಸುತ್ತಾನೆಂಬ ಭರವಸೆಯಿಂದ ದಾನ, ವ್ರತಗಳಿಗೂ ಹಣ ವ್ಯಯಿಸಿದರು. ಕೂಲಿ ಮಾಡುವುದನ್ನು ಜಾತಿಯ ಅಭಿಮಾನ ತಡೆಯಿತು. ಕೊನೆಗೆ ಕಾಡಿನಲ್ಲಿ ನೀರು, ಎಲೆ, ಹಿಡಿಯಷ್ಟು ಕಾಡುಹಣ್ಣುಗಳಿಂದ ದಿನಗಳನ್ನು ನೂಕಿದರು. ಕೆಲವೇ ತಿಂಗಳುಗಳ ಅಂತರದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ತಾಯಿಯ ಶವ ಹೊರಲು ಸಾಕಷ್ಟು ಜನ ಸಿಗಲಿಲ್ಲ. ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಕೈಗೂಡಿಸಿದರು. ಅಣ್ಣ ಶ್ರೀನಿವಾಸನೊಂದಿಗೆ ರಮಾಬಾಯಿಯೂ ಹೆಗಲು ಕೊಡಬೇಕಾಯಿತು. ಗಿಡ್ಡ ಮೈಕಟ್ಟಿನ ಆಕೆ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದರು. ಎರಡು ವರ್ಷಗಳ ನಂತರ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮ ಮೈಸೂರು ಸೀಮೆಯನ್ನೂ ಆವರಿಸಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ಮೀರಿದ್ದ ಅಲ್ಲಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಸಾವುಗಳು ನಮಗೆ ಉಳಿದಿರುವುದು ಬಹುಮಟ್ಟಿಗೆ ಅಂಕಿಗಳಾಗಿ. ಹಸಿದವರೇ ಹಸಿವನ್ನು ಬರೆದ ದಾಖಲೆ ಅಪರೂಪವಾದ್ದರಿಂದ ರಮಾಬಾಯಿಯವರ ಬರವಣಿಗೆಗೆ ಈ ಭಾಗದ ಓದುಗರಿಗೂ ವಿಶೇಷ ಮೌಲ್ಯವಿದೆ.

ಅಣ್ಣತಂಗಿಯರು ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತ ತಲುಪಿದರು. ಅಲ್ಲಿನ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣ ತೀರಿಕೊಂಡ ಮೇಲೆ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಅವರನ್ನು ವಿವಾಹವಾದರು. ಮಗಳು ಮನೋರಮಾ ಹುಟ್ಟಿದ ಮರುವರ್ಷ, 1882ರಲ್ಲಿ, ಗಂಡ ಕಾಲರಾಕ್ಕೆ ಬಲಿಯಾದರು. ಲೂಕನ ಸುವಾರ್ತೆಯ ಬಂಗಾಳಿ ಪ್ರತಿ ಅವರ ಕೈಗೆ ಸಿಕ್ಕಿದ್ದು ಈ ಅಲ್ಪಕಾಲದ ದಾಂಪತ್ಯದ ದಿನಗಳಲ್ಲಿಯೇ.

ಅದೇ ವರ್ಷ ಪುಣೆಗೆ ಬಂದ ಅವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು, ಮರಾಠಿಯಲ್ಲಿ ‘ಸ್ತ್ರೀಧರ್ಮನೀತಿ’ ಬರೆದರು, ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದರು. ಹೆಣ್ಣುಮಕ್ಕಳಿಗೆ ಶಿಕ್ಷಕಿಯರೇ ಬೇಕು, ಸ್ತ್ರೀಯರು ವೈದ್ಯಶಿಕ್ಷಣ ಪಡೆಯಬೇಕು ಎಂಬುದು ಅವರ ವಾದ. ವೈದ್ಯರಿಲ್ಲದೆ ಹೆಂಗಸರು ಸಾಯುತ್ತಿದ್ದಾರೆಂಬುದನ್ನು ಕಂಡದ್ದರ ಬಲದಿಂದ ಹೇಳಿದರು. ಇದು ನ್ಯಾಯಸ್ಥಾನದ ಅರ್ಥದ ಸಾಕ್ಷಿ. ಕನ್ನಡದಲ್ಲಿ ನ್ಯಾಯಾಲಯದ ಸಾಕ್ಷಿಗೂ ಸಭೆಯ ಸಾಕ್ಷಿಗೂ ಇರುವುದು ಒಂದೇ ಪದ. ರಮಾಬಾಯಿಯವರ ವಿಷಯದಲ್ಲಿ ಇದು ಕೇವಲ ಪದದ ಸಾಮ್ಯವಲ್ಲ. ಎರಡೂ ಕಡೆ ಅವರು ಮಾಡಿದ್ದು ಕಂಡದ್ದನ್ನು, ಉಂಡದ್ದನ್ನು ಮುಂದಿಟ್ಟು ಅದರ ಆಧಾರದಿಂದ ಮಾತಿಗೆ ಹಕ್ಕು ಪಡೆಯುವ ಕೆಲಸವನ್ನೇ.

ವೈದ್ಯಕೀಯ ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಶ್ರವಣದೋಷದಿಂದ ಆ ಆಸೆ ಕೈಗೂಡಲಿಲ್ಲ. ಜೊತೆಗೆ ಬಂದಿದ್ದ ಆನಂದಿಬಾಯಿ ಭಗತ್ ಆತ್ಮಹತ್ಯೆ ಮಾಡಿಕೊಂಡರು. ಆ ಆಘಾತದ ಬೆನ್ನಿಗೇ, ಸೆಪ್ಟೆಂಬರ್ 29ರಂದು, ವಾಂಟೇಜಿನ ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿದ್ದ ತಾಯಿಮಗಳು ದೀಕ್ಷಾಸ್ನಾನ ಪಡೆದರು. ಆದರೆ ಮತಾಂತರ ವಿಧೇಯತೆಯಾಗಲಿಲ್ಲ. ತ್ರಿತ್ವದ ಸಿದ್ಧಾಂತವನ್ನು ಪ್ರಶ್ನಿಸಿದರು; ಮಾಂಸಾಹಾರಕ್ಕೆ ಒಪ್ಪಲಿಲ್ಲ; ಶಿಲುಬೆಯ ಮೇಲೆ ಲ್ಯಾಟಿನ್ ಏಕೆ, ಸಂಸ್ಕೃತವೇಕಿರಬಾರದು ಎಂದು ಕೇಳಿದರು. ಸಿಸ್ಟರ್ ಜೆರಾಲ್ಡಿನ್ ಜೊತೆಗಿನ ಪತ್ರವ್ಯವಹಾರದಲ್ಲಿ ತಮ್ಮ ಆತ್ಮಸಾಕ್ಷಿಯನ್ನು ಯಾವ ಚರ್ಚಿಗೂ ಒಪ್ಪಿಸಲಾರೆನೆಂಬ ಹಟ ಪುಟಪುಟಕ್ಕೂ ಎದುರಾಗುತ್ತದೆ. ಇತರರು ಬಯಸಿದ ಸಾಕ್ಷಿಯನ್ನು ಅವರು ಆಗ ನುಡಿಯಲಿಲ್ಲ ಎಂಬುದೂ ಈ ಪ್ರಭೇದದ ಚರಿತ್ರೆಯ ಭಾಗವೇ.

1886ರಲ್ಲಿ ಅಮೆರಿಕೆಗೆ ಹೋಗಿ, ಮರುವರ್ಷ ಮೇಲ್ಜಾತಿಯ ಹಿಂದೂ ಸ್ತ್ರೀಯ ಬಗೆಗಿನ ತಮ್ಮ ಪ್ರಸಿದ್ಧ ಇಂಗ್ಲಿಷ್ ಗ್ರಂಥ ಪ್ರಕಟಿಸಿದರು. ಅಲ್ಲಿ ದೊರೆತ ನೆರವಿನಿಂದ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಪುಣೆಗೆ ಬಂತು. ಮತದ ವಿಷಯದಲ್ಲಿ ಸದನ ತಟಸ್ಥವಾಗಿರುವುದೆಂದು ಮಾತು ಕೊಟ್ಟಿದ್ದರು. ಆದರೆ ತಮ್ಮ ಪ್ರಾರ್ಥನೆಯ ಕೋಣೆಯ ಬಾಗಿಲನ್ನು ಅವರು ಮುಚ್ಚುತ್ತಿರಲಿಲ್ಲ. ಬಂದ ಹುಡುಗಿಯರನ್ನು ತಡೆಯುತ್ತಿರಲಿಲ್ಲ. 1893ರಲ್ಲಿ ವಿವಾದ ಸ್ಫೋಟಿಸಿತು. ಟಿಳಕರ ‘ಕೇಸರಿ’ ಹರಿಹಾಯ್ದಿತು. ರಾನಡೆ, ಭಂಡಾರ್ಕರ್ ಸಲಹಾ ಸಮಿತಿಯಿಂದ ಹೊರಬಂದರು. ಆಶ್ರಯದಾತೆ ತನ್ನ ನಂಬಿಕೆಯನ್ನು ನುಡಿದಾಗ ಆಶ್ರಿತರಿಗೆ ಅದನ್ನು ಕೇಳದಿರುವ ಸ್ವಾತಂತ್ರ್ಯ ಎಷ್ಟರಮಟ್ಟಿಗೆ ಇರುತ್ತದೆ? ಟಿಳಕರ ಉದ್ದೇಶವನ್ನು ಒಪ್ಪದವರೂ ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಬಾಗಿಲು ತೆರೆದಿತ್ತೆಂಬುದು ನನ್ನ ದೃಷ್ಟಿಯಲ್ಲಿ ಪೂರ್ಣ ಉತ್ತರವಲ್ಲ.

1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಕ್ಷಾಮ ಬಂದಾಗ ಇಪ್ಪತ್ತು ವರ್ಷಗಳ ಹಿಂದಿನ ಹಸಿವು ಅವರನ್ನು ಅಲ್ಲಿಗೆ ಕರೆದೊಯ್ದಿತು. ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಬಳಿಯ ಕೇಡಗಾಂವದಲ್ಲಿ ಮುಕ್ತಿ ಸದನವನ್ನು ಕಟ್ಟಿದರು; 1900ರ ಗುಜರಾತಿನ ಕ್ಷಾಮದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಏರಿತು. ನೇಯ್ಗೆ, ಮುದ್ರಣ, ಎಣ್ಣೆಗಾಣ, ಕುರುಡರ ಶಾಲೆ ಎಲ್ಲವೂ ಅಲ್ಲಿದ್ದವು. ತಮ್ಮ ಕ್ಷಾಮದ ಅನುಭವವನ್ನು ಅವರು ವಿಸ್ತಾರವಾಗಿ ಬರೆದದ್ದು ಈ ಸಂದರ್ಭದಲ್ಲಿ. 1905ರಲ್ಲಿ ಮುಕ್ತಿಯಲ್ಲಿ ಪುನರುಜ್ಜೀವನದ ಅಲೆ ಎದ್ದಿತು. ಹುಡುಗಿಯರು ಅತ್ತು, ಪ್ರಾರ್ಥಿಸಿ, ಪಾಪನಿವೇದನೆ ಮಾಡಿಕೊಂಡರು. ಅವರ ಸಾಕ್ಷಿಗಳಿಂದ ಮಿಷನರಿ ಜಗತ್ತು ರೋಮಾಂಚನಗೊಂಡಿತು. ಆದರೂ ಹೆಸರು ಉಳಿದದ್ದು ರಮಾಬಾಯಿಯವರದು ಮಾತ್ರ.

1907ರಲ್ಲಿ ಪ್ರಕಟವಾದ ಅವರ ಸಾಕ್ಷಿಯನ್ನು ಈ ಎಲ್ಲದರ ಹಿನ್ನೆಲೆಯಲ್ಲಿ ಓದಬೇಕು. 1883ರಲ್ಲಿ ತಾವು ಸ್ವೀಕರಿಸಿದ್ದು ಕ್ರೈಸ್ತಧರ್ಮವನ್ನು, ಕ್ರಿಸ್ತನನ್ನು ಕಂಡುಕೊಂಡದ್ದು ಎಂಟು ವರ್ಷಗಳ ನಂತರ ಎಂದು ಅದರಲ್ಲಿ ನಿವೇದಿಸುತ್ತಾರೆ. 1891ರ ಅರಿವಿನ ಬೆಳಕಿನಲ್ಲಿ ಹಳೆಯದೆಲ್ಲ ಮರುಜೋಡಣೆಗೊಂಡಿದೆ. ಗಂಡ ಕೆಲವೇ ವಾಕ್ಯಗಳಲ್ಲಿ ಬಂದು ಹೋಗುತ್ತಾರೆ. ಹಿಂದೂ ಶಾಸ್ತ್ರಗಳ ಬಗ್ಗೆ ತೀರ್ಪು ಕಟುವಾಗಿದೆ. ಆದರೆ ಆ ಶಾಸ್ತ್ರಗಳನ್ನು ಕಲಿಸಿದ ತಾಯಿಯ ವಿಷಯಕ್ಕೆ ಬಂದಾಗ ಬರವಣಿಗೆ ಮೃದುವಾಗುತ್ತದೆ. ಬೆಳಗಿನ ಜಾವ ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದ ಲಕ್ಷ್ಮೀಬಾಯಿ, ಮೂರು ಘಟ್ಟಗಳ ಚೌಕಟ್ಟಿನಲ್ಲಿ ತ್ಯಜಿಸಬೇಕಾದ ಮೊದಲ ಘಟ್ಟಕ್ಕೆ ಸೇರಬೇಕಾದವರು. ಅಲ್ಲಿ ಸೇರುವುದಿಲ್ಲ. ಕೃತಿಯ ಸಾಹಿತ್ಯಕ ಸತ್ವ ಇರುವುದು ಈ ಹೊಂದಿಕೆಯಾಗದ ಜಾಗದಲ್ಲಿ.

ಕೊನೆಯ ವರ್ಷಗಳನ್ನು ಹೀಬ್ರೂ, ಗ್ರೀಕ್ ಮೂಲಗಳಿಂದ ಬೈಬಲನ್ನು ಸರಳ ಮರಾಠಿಗೆ ತರುವ ಕಾರ್ಯಕ್ಕೆ ಮುಡಿಪಿಟ್ಟರು. ಈ ನಡುವೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಗುಲ್ಬರ್ಗದಲ್ಲಿ ಶಾಲೆಯೊಂದನ್ನು ತೆರೆದು ಮನೋರಮಾ ಅವರಿಗೆ ವಹಿಸಿದರು. ಗಂಗಾಮೂಲದಿಂದ ಬುಟ್ಟಿಯಲ್ಲಿ ಹೊರಟ ಮಗುವಿನ ಕೆಲಸ ಹೀಗೆ ಕನ್ನಡ ನೆಲಕ್ಕೆ ಮರಳಿತ್ತು. 1921ರಲ್ಲಿ ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡರು. ರಮಾಬಾಯಿ ಬೈಬಲಿನ ಅನುವಾದವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿ ನಿಧನರಾದರು.