ಡಾಕ್ಟರ್ ನಾಗರೂರು ಗೋಪಿನಾಥರು

ಹೃದಯವನ್ನು ತೆರೆದು ಅದರ ದೋಷವನ್ನು ಸರಿಪಡಿಸುವ ವಿದ್ಯೆಗೆ ನಮ್ಮ ದೇಶದಲ್ಲಿ ಅಡಿಗಲ್ಲನ್ನಿಟ್ಟವರಲ್ಲಿ ಒಬ್ಬರು ಕನ್ನಡನಾಡಿನವರೆಂಬುದನ್ನು ಅನೇಕರು ಅರಿಯರು. 1922ನೆಯ ಇಸವಿಯಲ್ಲಿ ಬಳ್ಳಾರಿಯಲ್ಲಿ ಜನಿಸಿದ ಡಾಕ್ಟರ್ ಗೋಪಿನಾಥರ ಚರಿತ್ರೆಯನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಸಂಗ್ರಹವಾಗಿ ತಿಳಿಸಬಯಸುತ್ತೇವೆ.

ಹೃದಯವು ಬಹುಕಾಲ ಶಸ್ತ್ರವೈದ್ಯರ ಕೈಗೆ ಎಟುಕದ ಅಂಗವಾಗಿತ್ತು. ಅದನ್ನು ತೆರೆಯಬೇಕಾದರೆ ರಕ್ತದ ಓಟವನ್ನು ತಡೆಯಬೇಕು. ತಡೆದರೆ ಕೆಲವೇ ನಿಮಿಷಗಳಲ್ಲಿ ಮಿದುಳು ಕೆಡುವುದು. ಅಮೆರಿಕದ ಡಾಕ್ಟರ್ ಗಿಬ್ಬನ್ನರು ತಮ್ಮ ಪತ್ನಿಯ ನೆರವಿನಿಂದ ಬಹುವರ್ಷ ಶ್ರಮಿಸಿ, ರಕ್ತವನ್ನು ದೇಹದಿಂದ ಸೆಳೆದು, ಆಮ್ಲಜನಕವನ್ನು ಕೂಡಿಸಿ, ಮರಳಿ ದೇಹಕ್ಕೆ ನೂಕುವ ಯಂತ್ರವನ್ನು ನಿರ್ಮಿಸಿದರು. 1953ರ ಮೇ 6ರಂದು ಅದರ ಸಹಾಯದಿಂದ 18 ವರ್ಷದ ಹುಡುಗಿಯೊಬ್ಬಳ ಹೃದಯದ ರಂಧ್ರವನ್ನು ಮುಚ್ಚಿದರು. ಮರುವರ್ಷ ಮಿನ್ನೆಸೋಟದ ಡಾಕ್ಟರ್ ಲಿಲ್ಲಹೈಯವರು ಯಂತ್ರಕ್ಕೆ ಬದಲಾಗಿ, ಹೆಚ್ಚಾಗಿ ತಂದೆಯನ್ನೋ ತಾಯಿಯನ್ನೋ ಮಗುವಿನ ಬಳಿಯಲ್ಲಿ ಮಲಗಿಸಿ, ಅವರ ಹೃದಯದಿಂದಲೇ ಮಗುವಿನ ರಕ್ತವನ್ನು ನಡೆಯಿಸಿದರು. ಹೀಗೆ ಚಿಕಿತ್ಸೆ ಹೊಂದಿದ 45 ಮಂದಿಯಲ್ಲಿ 28 ಮಂದಿ ಮನೆಗೆ ಮರಳಿದರು. ಉಳಿದವರನ್ನು ಕಳೆದುಕೊಂಡ ಹೆತ್ತವರ ಧೈರ್ಯವೂ ಈ ವಿದ್ಯೆಯ ಬುನಾದಿಯಲ್ಲಿ ಸೇರಿದೆ.

ಗೋಪಿನಾಥರು ವೇಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜನ್ನು ಸೇರಿದರು. 1918ರಲ್ಲಿ ಐಡಾ ಸ್ಕಡ್ಡರ್ ಅಮ್ಮನವರು ಹೆಣ್ಣುಮಕ್ಕಳಿಗಾಗಿಯೇ ತೆರೆದ ಆ ವೈದ್ಯಶಾಲೆಗೆ ಗಂಡುಮಕ್ಕಳು ಪ್ರವೇಶ ಪಡೆದದ್ದು 1947ರಲ್ಲಿ. ಅಲ್ಲಿ ಡಾಕ್ಟರ್ ರೀವ್ ಬೆಟ್ಸ್‌ರವರು 1949ರಲ್ಲಿ ಎದೆಯ ಶಸ್ತ್ರಚಿಕಿತ್ಸೆಯ ಶಾಖೆಯನ್ನು ಆರಂಭಿಸಿದ್ದರು. ಗೋಪಿನಾಥರು ಅವರ ಬಳಿಯಲ್ಲಿ ದುಡಿದು, ಮಿನ್ನೆಸೋಟಕ್ಕೆ ಹೋಗಿ ಲಿಲ್ಲಹೈಯವರಲ್ಲಿ ಕಲಿತು, ಸ್ವದೇಶಕ್ಕೆ ಹಿಂದಿರುಗಿದರು. 1962ರಲ್ಲಿ ವೇಲೂರಿನಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆಯನ್ನು ಸಫಲವಾಗಿ ನೆರವೇರಿಸಿದ ಕೀರ್ತಿ ಅವರದು. ತರುವಾಯ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿಭಾಗವನ್ನು ಬೆಳೆಸಿ, ತರುಣ ವೈದ್ಯರಿಗೆ ಗುರುಗಳಾದರು. 1974ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ 1978ರಲ್ಲಿ ಬಿ. ಸಿ. ರಾಯ್ ಪ್ರಶಸ್ತಿಯೂ ಅವರಿಗೆ ಲಭಿಸಿದುವು. 2007ರಲ್ಲಿ ಅವರು ಕಾಲವಾದರು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದೇನು? ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಗಳಲ್ಲಿ ಹುಡುಗಿಯೊಬ್ಬಳು ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟರೆ, ಆಟದಲ್ಲಿ ಬೇಗನೆ ಬಳಲಿದರೆ, ಮುಂದೆ ಮದುವೆಗೆ ಅಡ್ಡಿಯಾದೀತೆಂದು ಅದನ್ನು ಮರೆಮಾಡುವ ಮನೆಗಳು ಇಂದಿಗೂ ಉಂಟು. ಮರೆಮಾಡಿದ ರೋಗವು ಮದುವೆಯ ತರುವಾಯ, ಗರ್ಭಿಣಿಯಾದ ಕಾಲದಲ್ಲಿ, ಪ್ರಾಣಕ್ಕೇ ಎರವಾಗಬಹುದು. ಗಂಟಲುನೋವಿನ ಬೆನ್ನಲ್ಲಿ ಜ್ವರ ಬಂದು ಕೀಲುಗಳು ಊದಿಕೊಂಡರೆ ಅದನ್ನೂ ಅಲಕ್ಷಿಸಕೂಡದು. ಆ ಜ್ವರವು ಹೃದಯದ ಕವಾಟಗಳನ್ನು ಕೆಡಿಸುವುದುಂಟು, ಸಕಾಲದಲ್ಲಿ ಪೆನಿಸಿಲಿನ್ ಕೊಟ್ಟರೆ ತಪ್ಪಿಸಬಹುದು. ಈಗ ಮೈಸೂರಿನಲ್ಲಿಯೇ ಜಯದೇವ ಹೃದ್ರೋಗ ಆಸ್ಪತ್ರೆಯಿದೆ. ದೂರವೆಂಬ ನೆಪವು ಸಲ್ಲದು. ಗಂಡುಮಗುವಿಗಾಗಿ ಹೊಲ ಮಾರಲು ಹಿಂಜರಿಯದ ತಂದೆತಾಯಿಗಳು ಹೆಣ್ಣುಮಗುವನ್ನು ಒಮ್ಮೆ ವೈದ್ಯರ ಬಳಿಗೆ ಕರೆದೊಯ್ಯಲು ಹಿಂಜರಿಯದಿರಲಿ. ತಾಯಂದಿರಾಗಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯರು ಈ ಮಾತನ್ನು ನೆರೆಹೊರೆಯವರಿಗೂ ತಿಳಿಸಬೇಕೆಂದು ಕೋರುತ್ತೇವೆ.