ಸದ್ದಿಲ್ಲದ ಎಂಜಿನ್ ಕಟ್ಟಿದ ಪತ್ರಿಕಾ ಪ್ರಕಾಶಕ

ನಿಂತಲ್ಲೇ ಓಡುತ್ತಿರುವ ಬೈಕ್‌ನ ಎಂಜಿನ್‌ಗೆ ಕಿವಿಗೊಡಿ. ಸಣ್ಣಗೆ ಟಕಟಕ ಸದ್ದು ಕೇಳಿಸುತ್ತದೆ. ಅದರಲ್ಲಿ ಬಹುಪಾಲು ವಾಲ್ವ್‌ಗಳದ್ದು. ಇಂಧನ ಮತ್ತು ಗಾಳಿಯನ್ನು ಒಳಗೆ ಬಿಟ್ಟು, ಉರಿದ ಹೊಗೆಯನ್ನು ಹೊರಗೆ ಕಳಿಸುವ ಬಾಗಿಲುಗಳೇ ವಾಲ್ವ್‌ಗಳು. ನೂರಿಪ್ಪತ್ತು ವರ್ಷಗಳ ಹಿಂದೆ ಈ ಸದ್ದು ಬಹಳ ಜೋರಾಗಿತ್ತು. ಅದನ್ನು ಸಹಿಸಲಾಗದೆ ಹೊಸ ದಾರಿ ಹುಡುಕಿದವರು ಅಮೆರಿಕದ ಚಾರ್ಲ್ಸ್ ಯೇಲ್ ನೈಟ್.

ನೈಟ್ ಹುಟ್ಟಿದ್ದು 1868ರಲ್ಲಿ. ಅವರು ವೃತ್ತಿಯಿಂದ ಎಂಜಿನಿಯರ್ ಅಲ್ಲ. ಷಿಕಾಗೋದಲ್ಲಿ ಹೈನುಗಾರಿಕೆಯ ಪತ್ರಿಕೆ ನಡೆಸುತ್ತಿದ್ದರು. ಅವರು ಕೊಂಡ ಮೂರು ಚಕ್ರದ ನಾಕ್ಸ್ ಕಾರಿನ ವಾಲ್ವ್ ಸದ್ದು ಅವರಿಗೆ ತಲೆನೋವಾಯಿತು. ಮೊದಲು ಸಿಲಿಂಡರನ್ನೇ ಮೇಲೆ ಕೆಳಗೆ ಚಲಿಸುವಂತೆ ಮಾಡಲು ಹೊರಟು, ಆಮೇಲೆ ಅದನ್ನು ಕೈಬಿಟ್ಟರು. ಬಳಿಕ ಹೊಳೆದದ್ದು ಜೋಡಿ ಕೊಳವೆಗಳ ಉಪಾಯ. ಪಿಸ್ಟನ್ ಮತ್ತು ಸಿಲಿಂಡರಿನ ನಡುವೆ ಒಂದರೊಳಗೊಂದು ಎರಡು ಕೊಳವೆಗಳು ಮೇಲೆ ಕೆಳಗೆ ಜಾರುತ್ತವೆ. ಅವುಗಳಲ್ಲಿನ ಕಿಂಡಿಗಳು ಎದುರುಬದುರಾದಾಗ ದಾರಿ ತೆರೆಯುತ್ತದೆ, ಸರಿದಾಗ ಮುಚ್ಚುತ್ತದೆ. ಸ್ಪ್ರಿಂಗ್ ಬೇಡ, ಬಡಿತವೂ ಇಲ್ಲ.

ಉದ್ಯಮಿ ಕಿಲ್ಬೋರ್ನ್ ಹಣ ಹಾಕಿದರು. 1906ರ ಷಿಕಾಗೋ ಪ್ರದರ್ಶನದಲ್ಲಿ 'ಸೈಲೆಂಟ್ ನೈಟ್' ಕಾರು ಕಾಣಿಸಿಕೊಂಡಿತು. ಆದರೆ ಅಮೆರಿಕದ ತಯಾರಕರು ಆಸಕ್ತಿ ತೋರಲಿಲ್ಲ. ನೈಟ್ ಎದೆಗುಂದದೆ ಇಂಗ್ಲೆಂಡಿಗೆ ಹೋದರು. ಅಲ್ಲಿ ಡೇಮ್ಲರ್ ಕಂಪನಿ ಎಂಜಿನನ್ನು ಪರೀಕ್ಷಿಸಿ ಒಪ್ಪಿಕೊಂಡಿತು. 1909ರಲ್ಲಿ ಡೇಮ್ಲರಿನ ಎರಡು ಎಂಜಿನ್‌ಗಳು 132 ಗಂಟೆಗಳ ಕಾಲ ನಿಲ್ಲದೆ ಓಡಿ, ನಂತರ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಸುಮಾರು 2,000 ಮೈಲಿ ಕ್ರಮಿಸಿದವು. ಡೇಮ್ಲರ್ ಆ ವರ್ಷದ ಡ್ಯೂಅರ್ ಟ್ರೋಫಿ ಗೆದ್ದಿತು. ಬೆಲ್ಜಿಯಂನ ಮಿನರ್ವಾ, ಫ್ರಾನ್ಸಿನ ಪನಾರ್, ಜರ್ಮನಿಯ ಮರ್ಸಿಡೀಸ್ ಪರವಾನಗಿ ಪಡೆದವು. ತಿರಸ್ಕರಿಸಿದ್ದ ಅಮೆರಿಕದಲ್ಲೇ ಮುಂದೆ ವಿಲ್ಲಿಸ್-ನೈಟ್ ಕಾರುಗಳು 1933ರವರೆಗೆ ತಯಾರಾದವು.

ಆದರೂ ಈ ಎಂಜಿನ್ ಉಳಿಯಲಿಲ್ಲ. ಕೊಳವೆಗಳು ಜಾರಲು ಎಣ್ಣೆ ಹೆಚ್ಚು ಬೇಕಿತ್ತು. ಅದು ಉರಿದು ನೀಲಿ ಹೊಗೆ ಬರುತ್ತಿತ್ತು. ತಯಾರಿಕೆಯೂ ದುಬಾರಿ. ಭಾರದ ಕೊಳವೆಗಳಿಂದಾಗಿ ವೇಗ ಹೆಚ್ಚಿಸುವುದು ಕಷ್ಟವಾಯಿತು. ಅಷ್ಟರಲ್ಲಿ ಹಳೆಯ ಮಾದರಿಯ ವಾಲ್ವ್‌ಗಳೇ ಉತ್ತಮ ಉಕ್ಕಿನಿಂದ ಸುಧಾರಿಸಿ, ಸದ್ದು ಕಡಿಮೆ ಮಾಡಿಕೊಂಡವು. ನೈಟ್ 1940ರಲ್ಲಿ ತೀರಿಕೊಂಡರು. ಆಗ ಅವರ ಎಂಜಿನಿನ ಕಾರುಗಳ ಕಾಲ ಮುಗಿದಿತ್ತು. ಆದರೆ ಬೇರೆಯವರು ರೂಪಿಸಿದ ಒಂದೇ ಕೊಳವೆಯ ಮಾದರಿ ಎರಡನೇ ಮಹಾಯುದ್ಧದಲ್ಲಿ ಬ್ರಿಸ್ಟಲ್ ಹರ್ಕ್ಯುಲಿಸ್ ವಿಮಾನ ಎಂಜಿನ್‌ಗಳಲ್ಲಿ ಯಶಸ್ವಿಯಾಗಿ ದುಡಿಯಿತು.

ನೈಟ್ ಅವರ ಉತ್ತರ ಇಂದು ಬಳಕೆಯಲ್ಲಿಲ್ಲ. ಆದರೆ ಎಲ್ಲರೂ ಸಹಜವೆಂದು ಸಹಿಸಿಕೊಂಡಿದ್ದ ತೊಂದರೆಯನ್ನು ಅವರು ಪ್ರಶ್ನೆಯಾಗಿ ಕಂಡರು. ಎಂಜಿನಿಯರಿಂಗ್ ಓದಿರದಿದ್ದರೂ ಆ ಪ್ರಶ್ನೆಯನ್ನು ಬಿಡಲಿಲ್ಲ. ಪ್ರಯೋಗಾಲಯದಲ್ಲಿ ಮೊದಲ ಪ್ರಯತ್ನ ಕೈಕೊಟ್ಟಾಗ ನಾವು ನೆನೆಯಬೇಕಾದದ್ದು ಇದನ್ನೇ.